ಮೂಲೆಕೋಣೆಯ ಗೆಡ್ಡಮ್ಮ

ಆ ಕಾಲದಲ್ಲಿ ನಮ್ಮ ಕಡೆ ಅಮ್ಮ ಬಂದರೆ ಮನೆಯಲ್ಲಿ ಒಗ್ಗರಣೆ ನಿಲ್ಲುತ್ತಿತ್ತು. ಮೈಮೇಲೆ ನೀರುಗುಳ್ಳೆ ಎದ್ದ ಮಗುವಿನ ಕಾಯಿಲೆಗೆ ಡಾಕ್ಟರು ಏನೇ ಹೆಸರು ಹೇಳಲಿ, ನಮ್ಮೂರು ಅರಕೆರೆಯಲ್ಲಿ ಅದು ಅಮ್ಮನೇ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ ಮೇಲೆ ಮನೆಯವರು ಬೇರೆ ಊರಿಗೆ ಹೋಗುವಂತಿಲ್ಲ, ನೆಂಟರು ಒಳಗೆ ಬರುವಂತಿಲ್ಲ. ಇದನ್ನು ಓದುವವರಲ್ಲಿ ಎಷ್ಟೋ ಜನ ಹಾಗೆ ಬೇವಿನ ಸೊಪ್ಪಿನ ಮೇಲೆ ಮಲಗಿ ಎದ್ದವರೇ ಇರುತ್ತೀರಿ. ನನಗೆ ಅಮ್ಮ ಬಂದದ್ದು ಐದನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ.

ಆ ರಜೆಗೆ ಮೈಸೂರಿನಿಂದ ಅತ್ತೆ ಮತ್ತು ಅವರ ಮಗ ನವೀನ ಬಂದಿದ್ದರು. ನವೀನನ ಹತ್ತಿರ ಅಂಗೈಯಗಲದ ಒಂದು ವಿಡಿಯೋ ಗೇಮ್ ಇತ್ತು. ಅದರ ಬೂದು ಪರದೆಯಲ್ಲಿ ಒಬ್ಬ ಹುಡುಗ ಎತ್ತರದ ಹುಲ್ಲಿನಲ್ಲಿ ನಡೆಯುತ್ತಾನೆ. ಹುಲ್ಲಿನಿಂದ ವಿಚಿತ್ರ ಪ್ರಾಣಿಗಳು ಎದ್ದು ಬರುತ್ತವೆ. ಅವನ್ನು ಹಿಡಿದು, ಸಾಕಿ, ಬೇರೆಯವರ ಪ್ರಾಣಿಗಳ ಜೊತೆ ಕಾದಾಡಿಸಬೇಕು. ಬಹಳ ಗೋಗರೆದ ಮೇಲೆ ಅವನು ಅದನ್ನು ನನ್ನ ಕೈಗೆ ಕೊಟ್ಟ. ಆ ದಿನವೇ ನನ್ನ ಕುತ್ತಿಗೆಯ ಮೇಲೆ ಗುಳ್ಳೆ ಕಂಡಿತು. ಅತ್ತೆ ಮಧ್ಯಾಹ್ನದ ಬಸ್ಸಿಗೇ ಹೊರಟರು. ನವೀನ ಗೇಮಿಗಾಗಿ ಅಳುತ್ತಿದ್ದ. "ಅದ ಮುಟ್ಟಬ್ಯಾಡ, ಅವ್ಳು ಹಿಡ್ಕೊಂಡಿರೋದು" ಎಂದು ಅತ್ತೆ ಅವನ ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಗೇಮ್ ನನ್ನ ಹಾಸಿಗೆಯಲ್ಲೇ ಉಳಿಯಿತು.

ನನ್ನನ್ನು ಮನೆಯ ಹಿಂಭಾಗದ ಮೂಲೆಕೋಣೆಗೆ ಹಾಕಿದರು. ಅವ್ವನ ಮಡಿಲಲ್ಲಿ ತಮ್ಮ ಇನ್ನೂ ಮೊಲೆಹಾಲಿನ ಕೂಸು, ಅವಳು ಹತ್ತಿರ ಬರುವ ಹಾಗಿರಲಿಲ್ಲ. ಮನೆಯಲ್ಲಿ ಚಿಕ್ಕಂದಿನಲ್ಲೇ ಅಮ್ಮ ಆಗಿ ಹೋಗಿದ್ದದ್ದು ಇಬ್ಬರಿಗೆ: ಅಜ್ಜಿಗೆ ಮತ್ತು ಚಿಕ್ಕಮ್ಮನಿಗೆ. ಅಜ್ಜಿಗೆ ಅಡಿಗೆ ಮನೆ ಬಿಟ್ಟರೆ ಆಗುತ್ತಿರಲಿಲ್ಲ. ಹಾಗಾಗಿ ಚಿಕ್ಕಮ್ಮ ನನ್ನ ಪಾಲಿಗೆ ಬಂದಳು.

ಚಿಕ್ಕಮ್ಮನ ಹೆಸರು ಸುಧಾ. ನಾಗಮಂಗಲದ ಕಡೆಯ ರಾಗಿ ಹೊಲಗಳ ಊರಿನವಳು. ಪಿಯುಸಿ ಮುಗಿಸಿ, ಚಿಕ್ಕಪ್ಪನನ್ನು ಮದುವೆಯಾಗಿ ನಮ್ಮ ಗದ್ದೆ ಬಯಲಿಗೆ ಬಂದು ಒಂದು ವರ್ಷವಾಗಿತ್ತು. ಮದುವೆಗೆ ಮುಂಚೆ, ಮುಂದೆ ಓದಿಸುತ್ತೇವೆ ಎಂದು ನಮ್ಮ ಮನೆಯವರು ಮಾತು ಕೊಟ್ಟಿದ್ದರು. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ. ಚಿಕ್ಕಪ್ಪ ಬೆಳಕು ಹರಿಯುವ ಮೊದಲೇ ಟ್ರಾಕ್ಟರು ತೆಗೆದುಕೊಂಡು ಕಬ್ಬಿನ ಗದ್ದೆಗೆ ಹೋದರೆ ದೀಪ ಹಚ್ಚಿದ ಮೇಲೆ ಬರುತ್ತಿದ್ದ. ಅಜ್ಜಿಯ ಮುಂದೆ ಹೆಂಡತಿಯ ಜೊತೆ ಎರಡು ಮಾತಾಡಿದವನಲ್ಲ. ಚಿಕ್ಕಮ್ಮ ತವರಿಗೆ ಹೋಗಿ ಅಲ್ಲೇ ಇದ್ದುಬಿಡುತ್ತಾಳಂತೆ ಎಂದು ಅವ್ವ ಅಪ್ಪನಿಗೆ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು.

ಜ್ವರ ಇಳಿದ ಮೇಲೆ ಉಳಿಯುವುದು ತುರಿಕೆ. ಕೆರೆಯಲು ಬಿಡದೆ ಚಿಕ್ಕಮ್ಮ ಬೇವಿನ ಎಸಳಿನಿಂದ ಬೆನ್ನು ಸವರುತ್ತಿದ್ದಳು. ಉಪ್ಪಿಲ್ಲದ ಮಜ್ಜಿಗೆ ಅನ್ನ, ಎಳನೀರು, ಮತ್ತೆ ಎಳನೀರು. ಕೋಣೆಯ ತುಂಬ ಬಾಡಿದ ಬೇವಿನ ಕಹಿ ವಾಸನೆ. ನನ್ನ ಗಮನ ತಪ್ಪಿಸಲು ಅವಳು ಗೇಮನ್ನು ಒತ್ತಿ ಶುರು ಮಾಡಿದಳು. ಅದರಲ್ಲಿ ಬರೆದು ಬರುವುದೆಲ್ಲ ಇಂಗ್ಲಿಷು. ಅವಳು ಓದಿ ಕನ್ನಡದಲ್ಲಿ ಹೇಳುವಳು, ನಾನು ಗುಂಡಿ ಒತ್ತುವೆ. ಸ್ವಲ್ಪ ಹೊತ್ತಿಗೆ ಓದುವುದೂ ಒತ್ತುವುದೂ ಎರಡೂ ಅವಳದೇ ಆಯಿತು.

ಒಂದು ಬೆಳಿಗ್ಗೆ ಹುಲ್ಲಿನಿಂದ ಒಂದು ಗಿಡ ಎದ್ದು ಬಂತು. ಮೂಲಂಗಿಯಂಥ ಗುಂಡು ಮೈ, ಅದಕ್ಕೆ ಪುಟ್ಟ ಎರಡು ಕಾಲು, ಕೈಯೇ ಇಲ್ಲ, ತಲೆಯ ಮೇಲೆ ಐದಾರು ಎಲೆ. ಅದರ ಇಂಗ್ಲಿಷ್ ಹೆಸರು ನಮಗೆ ಹಿಡಿಸಲಿಲ್ಲ. ಹಿಡಿದ ಪ್ರಾಣಿಗೆ ನಮಗಿಷ್ಟವಾದ ಹೆಸರು ಇಡಬಹುದಾಗಿತ್ತು. ಚಿಕ್ಕಮ್ಮ ಒಂದೊಂದೇ ಇಂಗ್ಲಿಷ್ ಅಕ್ಷರ ಹುಡುಕಿ 'ಗೆಡ್ಡಮ್ಮ' ಎಂದು ಬರೆದಳು.

ಗೆಡ್ಡಮ್ಮ ಕಚ್ಚುವುದಿಲ್ಲ, ಒದೆಯುವುದಿಲ್ಲ. ಎಲೆ ಕೊಡವಿ ಪುಡಿ ಉದುರಿಸುತ್ತದೆ. ಎದುರಿಗಿದ್ದದ್ದು ತೂಕಡಿಸಿ ಬೀಳುತ್ತದೆ.

"ಒಡೀದೆ ಬಡೀದೆ ಮಲಗುಸ್ತದೆ ನೋಡು ಮಗ" ಎಂದು ಚಿಕ್ಕಮ್ಮ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಗೇಮಿನ ಸೆಲ್ಲು ಮುಗಿದಾಗ ನಮಗೆ ದಿಕ್ಕು ತೋಚಲಿಲ್ಲ. ಮೂಲೆಕೋಣೆಗೆ ಹಿತ್ತಲ ಕಡೆ ಒಂದು ಸರಳಿನ ಕಿಟಕಿ ಇತ್ತು. ಸಂಜೆ ಚಿಕ್ಕಪ್ಪ ಹಿತ್ತಲಿನ ತೊಟ್ಟಿಯಲ್ಲಿ ಕೈಕಾಲು ತೊಳೆಯುತ್ತಿದ್ದಾಗ ಚಿಕ್ಕಮ್ಮ ಕಿಟಕಿಗೆ ಹೋಗಿ, "ಸೆಲ್ಲು ಬೇಕಾಗಿತ್ತು" ಎಂದಳು. ಅವನು ಯಾತಕ್ಕೆ ಎಂದು ಕೇಳದೆ ಅಂಗಡಿಗೆ ಹೋಗಿ ತಂದ. ಸರಳಿನ ಸಂದಿಯಲ್ಲಿ ಕೊಟ್ಟ ಮೇಲೂ ಅಲ್ಲೇ ನಿಂತಿದ್ದ.

"ಏನದು?"

"ಗೆಡ್ಡಮ್ಮ" ಎಂದೆ ನಾನು ಹಾಸಿಗೆಯಿಂದ.

ಚಿಕ್ಕಮ್ಮ ಪರದೆಯನ್ನು ಅವನ ಕಡೆ ತಿರುಗಿಸಿದಳು. ಅವನು ಸರಳಿಗೆ ಹಣೆ ಆನಿಸಿ ಬಹಳ ಹೊತ್ತು ನೋಡಿದ. ಅವನ ಅಂಗಿಯಿಂದ ಡೀಸೆಲ್ಲು, ಕಬ್ಬಿನ ತರಗಿನ ವಾಸನೆ ಬರುತ್ತಿತ್ತು.

ಮಾರನೆಯ ಸಂಜೆ ಅವನೇ ಬಂದ. ಅವನಿಗೆ ಅಮ್ಮ ಆಗಿರಲಿಲ್ಲವಾದ್ದರಿಂದ ಒಳಗೆ ಬಿಡುತ್ತಿರಲಿಲ್ಲ. ಕಿಟಕಿಯ ಆಚೆ ನಿಂತೇ, "ಎಲ್ಲಿಗಂಟ ಬಂತು?" ಎಂದು ಕೇಳುತ್ತಿದ್ದ. ಚಿಕ್ಕಮ್ಮ ಹೇಳುತ್ತಿದ್ದಳು. ದಿನಾ ಹೀಗೆ ನಡೆಯಿತು. ಗೆಡ್ಡಮ್ಮ ಗೆದ್ದು ಗೆದ್ದು ಬಲಿತ ಮೇಲೆ ಪರದೆ ಮಿನುಗಿ, ಅದು ಬೇರೆ ರೂಪಕ್ಕೆ ತಿರುಗಲು ಹೊರಟಿತು. ಅಂಥ ಗಿಡ ಬೆಳೆದರೆ ಜೊಲ್ಲು ಸುರಿಸುವ, ನಾತದ ಹೂವಾಗುತ್ತದೆ ಎಂದು ನವೀನ ಹೋಗುವ ಮೊದಲೇ ಹೇಳಿದ್ದ. ಒಂದು ಗುಂಡಿ ಒತ್ತಿದರೆ ತಡೆಯಬಹುದಿತ್ತು. ಚಿಕ್ಕಮ್ಮ ಪ್ರತಿಸಲವೂ ಒತ್ತುತ್ತಿದ್ದಳು.

"ಯಾಕೆ ತಡೀತೀಯಮ್ಮಿ, ಬೆಳೀಲಿ ಬುಡು" ಎಂದ ಚಿಕ್ಕಪ್ಪ.

"ಇಂಗೇ ಚೆಂದಾಗದೆ."

ಅವನು ಯೋಚಿಸಿ, "ಅದೂ ನಿಜ ಕಣ. ಮೂಲಂಗಿ ಹೂ ಬುಟ್ರೆ ಬೆಂಡಾಯ್ತದೆ" ಎಂದ. ಇಬ್ಬರೂ ನಕ್ಕರು. ಆಮೇಲೆ ಚಿಕ್ಕಮ್ಮ ಪರದೆಯಿಂದ ಕಣ್ಣು ತೆಗೆಯದೆ, "ಓದುಸ್ತೀವಿ ಅಂದಿದ್ರಿ" ಎಂದಳು.

ಚಿಕ್ಕಪ್ಪ ಸರಳಿನಿಂದ ಹಿಂದೆ ಸರಿದ. "ಅವ್ವುನ್ನ ಕೇಳ್ಬೇಕು" ಎಂದ.

"ನಾನು ನಿಮ್ಮುನ್ನ ಕೇಳ್ತಿರೋದು."

ಅವನು ಹಿತ್ತಲು ದಾಟಿ ಹೋದ. ಮಾರನೆಯ ಸಂಜೆ ಕಿಟಕಿಗೆ ಬರಲಿಲ್ಲ, ಅದರ ಮಾರನೆಯ ಸಂಜೆಯೂ ಬರಲಿಲ್ಲ. ಚಿಕ್ಕಮ್ಮ ಗೇಮ್ ಮುಟ್ಟಲಿಲ್ಲ. ನಾನು ಆಡು ಎಂದು ಪೀಡಿಸಿದರೆ, "ಕಣ್ಣುರಿ ಕಣವ್ವ" ಎನ್ನುತ್ತಿದ್ದಳು. ನನ್ನ ಹಕ್ಕಳೆಗಳೆಲ್ಲ ಉದುರಿದ್ದವು. ಅಜ್ಜಿ ಬಿಸಿಲಿಗಿಟ್ಟ ಬೇವು ಅರಿಸಿನದ ನೀರನ್ನು ತಲೆಗೆ ಹುಯ್ದು, ತಂಬಿಟ್ಟು, ಮೊಸರನ್ನ ಮಾಡಿ ಮಾರಿಗುಡಿಗೆ ಕೊಟ್ಟು ಬಂದರು. ಬಾಗಿಲಿನ ಬೇವು ಬಿಚ್ಚಿದರು.

ಬಿಚ್ಚಿದ ದಿನವೇ ಚಿಕ್ಕಮ್ಮನ ಅಣ್ಣ ಅವಳನ್ನು ತವರಿಗೆ ಕರೆದೊಯ್ಯಲು ಬಂದ. ಚಿಕ್ಕಮ್ಮ ಬ್ಯಾಗು ಹಿಡಿದು ಜಗಲಿಗೆ ಬಂದಳು. ಅಜ್ಜಿ ಬಾಗಿಲ ಪಕ್ಕದಲ್ಲಿ ಅಕ್ಕಿ ಕೇರುತ್ತಾ ತಲೆ ಎತ್ತಲಿಲ್ಲ. ಆಗ ಚಿಕ್ಕಪ್ಪ ಹಿತ್ತಲಿನಿಂದ ಬಂದು, ಅಜ್ಜಿಗೂ ಕೇಳುವ ಹಾಗೆ, "ಕಾಲೇಜು ಶುರುವಾಗೋ ಒತ್ಗೆ ನಾನೇ ಬಂದು ಕರ್ಕೊಂಡು ಬತ್ತೀನಿ. ಪಟ್ಣದ ಬಸ್ಸು ನಮ್ಮನೆ ಮುಂದೇನೇ ಹೋಯ್ತದೆ" ಎಂದ.

ಅಜ್ಜಿಯ ಮೊರದ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು. ಚಿಕ್ಕಮ್ಮ ಅಣ್ಣನ ಹಿಂದೆ ನಡೆದಳು.

ಚಿಕ್ಕಪ್ಪ ಹೇಳಿದಂತೆ ಹೋಗಿ ಕರೆತಂದ. ಅವಳು ಶ್ರೀರಂಗಪಟ್ಟಣದ ಬಸ್ಸಿನಲ್ಲಿ ಕಾಲೇಜಿಗೆ ಹೋದಳು. ಎರಡನೇ ವರ್ಷ ಬಸುರಿಯಾದಾಗ ಬಿಟ್ಟಳು, ಮತ್ತೆ ಹೋಗಲಿಲ್ಲ. ಗೇಮನ್ನು ಮೈಸೂರಿಗೆ ಕಳಿಸಿಕೊಟ್ಟೆವು. ದಸರೆಗೆ ಹೋದಾಗ ನಾನು ಗೆಡ್ಡಮ್ಮನನ್ನು ಕೇಳಿದೆ. ಅದರಲ್ಲಿ ಒಂದೇ ಆಟ ಉಳಿಯುವುದು, ಹೊಸದು ಶುರು ಮಾಡಿದಾಗ ಹಳೆಯದು ಅಳಿಸಿಹೋಯಿತು ಎಂದ ನವೀನ. ಅವನಿಗೆ ಅದೇನೂ ದೊಡ್ಡ ವಿಷಯವಾಗಿರಲಿಲ್ಲ.

ಈಗ ಊರಿನ ಮಕ್ಕಳಿಗೆ ಸೂಜಿ ಚುಚ್ಚಿಸುತ್ತಾರೆ. ಬಾಗಿಲಿಗೆ ಬೇವು ಕಟ್ಟುವುದು ಅಪರೂಪ. ಹೊಸದಾಗಿ ಕಟ್ಟಿದ ಮನೆಯಲ್ಲಿ ಮೂಲೆಕೋಣೆಯೂ ಇಲ್ಲ, ಆ ಸರಳಿನ ಕಿಟಕಿಯೂ ಇಲ್ಲ. ಹೋದ ವರ್ಷ ಊರಿಗೆ ಹೋಗಿದ್ದಾಗ ಚಿಕ್ಕಮ್ಮನ ಜೊತೆ ಅವರೆಕಾಳು ಹಿಸುಕುತ್ತಾ ಕೂತು ಆ ಬೇಸಿಗೆಯ ಮಾತೆತ್ತಿದೆ. ಗೆಡ್ಡಮ್ಮ, ಸೆಲ್ಲು, ಮೂಲಂಗಿಯ ಮಾತು, ಎಲ್ಲ ಹೇಳಿದೆ. ಆ ಆಟವೇ ನಿನ್ನನ್ನು ಈ ಮನೆಯಲ್ಲಿ ಹಿಡಿದು ನಿಲ್ಲಿಸಿತು ಎಂದೂ ಅಂದೆ. ಅವಳು ಕೇಳಿಸಿಕೊಂಡು ಇಲ್ಲವೆಂದು ತಲೆ ಅಲ್ಲಾಡಿಸಿದಳು.

"ಯಾವ್ದೋ ಒತ್ತೋದು ಒಂದಿತ್ತು. ಅದ್ರೊಳಗೆ ಏನಿತ್ತೋ ಗ್ಯಾನ ಇಲ್ಲ ಕಣವ್ವ. ನಿನ್ನ ಜ್ವರ ಗ್ಯಾನದಲ್ಲದೆ. ನೀನು ಕಣ್ಣೇ ಬುಡ್ನಿಲ್ಲ. ಅವತ್ತೇ ನಮ್ಮಣ್ಣ ನನ್ನ ಕರ್ಕೊಂಡೋಗಕ್ಕೆ ಬಂದು ಬೀದೀಲಿ ನಿಂತಿದ್ದ. ಹೋಗೋದಾದ್ರೆ ಈಗ್ಲೇ ಹೋಗು, ಬೇವು ಕಟ್ಟುದ್ಮೇಲೆ ಆಗಕಿಲ್ಲ ಅಂದ್ರು ನಿಮ್ಮಜ್ಜಿ. ನೀನು ನನ್ನ ಸೆರಗ ಹಿಡ್ಕೊಂಡು ಮಲ್ಗಿದ್ದೆ. ಎಷ್ಟು ಬಿಡುಸುದ್ರೂ ಬುಡ್ನಿಲ್ಲ. ನಾನೇ ಅಣ್ಣನ್ನ ವಾಪಸ್ ಕಳುಸ್ದೆ."

ಆ ದಿನ ನನ್ನ ನೆನಪಿನಲ್ಲಿ ಇಲ್ಲ. ಎಷ್ಟು ಹುಡುಕಿದರೂ ಇಲ್ಲ. ಪರದೆಯ ಮೇಲಿನ ಒಂದೊಂದು ಎಲೆಯನ್ನೂ ಇಟ್ಟುಕೊಂಡಿದ್ದೇನೆ, ಆ ಸೆರಗಿನ ಬಣ್ಣ ಯಾವುದೆಂದು ಗೊತ್ತಿಲ್ಲ. ಕೇಳೋಣವೆಂದುಕೊಂಡೆ. ಅಷ್ಟರಲ್ಲಿ ಚಿಕ್ಕಮ್ಮ ಸಿಪ್ಪೆಯನ್ನು ಮೊರಕ್ಕೆ ತುಂಬಿಕೊಂಡು ಹಸುವಿಗೆ ಹಾಕಲು ಎದ್ದು ಹೋದಳು.