ಅಕ್ಕನ ಸೊಂಟದಲ್ಲಿ ಓಡಾಡಿದವರು

ಮೊನ್ನೆ ಸಂಪಿಗೆ ರಸ್ತೆಯಲ್ಲಿ ಅಂಗಡಿಗಳ ಮುಂದೆ ಒಡೆದ ಕುಂಬಳಕಾಯಿ ದಾಟುತ್ತಾ ಔಷಧದಂಗಡಿಗೆ ಹೋದೆ. ನನ್ನ ಸೀನು ಕೇಳಿ ಅಂಗಡಿಯವರು ಅಲರ್ಜಿ ಮಾತ್ರೆ ಕೈಗಿಟ್ಟರು. ಹೆಸರು ಓದಿದ್ದೇ ತಡ, ಸೀನು ನಿಂತೇಹೋಯಿತು. ಎರಡು ವರ್ಷದ ಹಿಂದೆ ಚಾಮರಾಜಪೇಟೆಯಲ್ಲಿ ಅಕ್ಕನಿಗೆ ನಾನು ಕೊಡದೆ ಉಳಿಸಿದ್ದು ಇದೇ ಮಾತ್ರೆ.

ಅಕ್ಕನಿಗೆ ಆಗ ರಕ್ತದ ಕ್ಯಾನ್ಸರ್. ಕೀಮೋ ಆದ ಮರುದಿನ ಬಿಳಿ ರಕ್ತಕಣ ಏರಲೆಂದು ಒಂದು ಇಂಜೆಕ್ಷನ್. "ಅದ್ರಿಂದ ಮೂಳೆ ನೋವು ಬರಬಹುದು. ಹಿಂದಿನ ದಿನಾನೇ ಈ ಮಾತ್ರೆ ಶುರು ಮಾಡಿ" ಎಂದಿದ್ದರು ಡಾಕ್ಟರಮ್ಮ. ಹಿಂದಿನ ದಿನ ಅಮಾವಾಸ್ಯೆ. ನಮ್ಮ ಮನೆತನದಲ್ಲಿ ಅಮಾವಾಸ್ಯೆಯಂದು ಹೊಸ ಔಷಧ ಬಾಯಿಗೆ ಹಾಕುವುದಿಲ್ಲ. ನಗಬೇಡಿ, ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ. ಮೇಲಾಗಿ ಅದು ಶೀತ, ಅಲರ್ಜಿಗೆ ಕೊಡುವ ಮಾತ್ರೆ. ಅಕ್ಕ ಒಂದು ಸೀನೂ ಸೀನಿರಲಿಲ್ಲ. ಡಾಕ್ಟರಿಗಿಂತ ತಿಳಿದವಳಂತೆ ಅದನ್ನು ದೇವರ ಗೂಡಿನಲ್ಲಿಟ್ಟು ಮರೆತೆ.

ಇಂಜೆಕ್ಷನ್ ಆದ ಎರಡನೆಯ ಮಧ್ಯಾಹ್ನ, ಕಣ್ಣು ಮುಚ್ಚಿ ಮಲಗಿದ್ದ ಅಕ್ಕ ಮೆಲ್ಲಗೆ ಅಂದಳು:

"ಯಾರೋ ನನ್ನ ಸೊಂಟದಲ್ಲಿ ಓಡಾಡ್ತಿದಾರೆ ಕಣೇ."

"ಯಾರೇ ಅಕ್ಕ?"

"ಗೊತ್ತಿಲ್ಲ. ತುಂಬಾ ಜನ. ಬರಿಗಾಲು. ಕೈ ಇಟ್ಟು ನೋಡು."

ಇಟ್ಟೆ. ಒಳಗಿನಿಂದ ಧಬ್, ಧಬ್. ನನ್ನದೇ ನಾಡಿ ಇರಬೇಕೆಂದು ಕೈ ಕೊಡವಿದೆ. ಬಡಿತ ಬೆರಳಲ್ಲೇ ಉಳಿಯಿತು.

ಸಂಜೆಯ ಹೊತ್ತಿಗೆ ಅವಳು ದಿಂಬು ಕಚ್ಚುತ್ತಿದ್ದಳು. "ಮುಂದಿನ ಇಂಜೆಕ್ಷನ್‌ಗೆ ನಾ ಬರಲ್ಲ. ಸತ್ರೂ ಪರವಾಗಿಲ್ಲ." ಡಾಕ್ಟರಮ್ಮನಿಗೆ ಫೋನು ಮಾಡಿದೆ. ಅವರು ನೋವಿಗೆ ಬೇರೆ ಮಾತ್ರೆ ಹೇಳಿ, "ಮೂಳೆ ಒಳಗೆ ಮಜ್ಜೆ ಹೊಸ ರಕ್ತಕಣ ಹುಟ್ಟಿಸ್ತಾ ಜೋರಾಗಿ ಕೆಲ್ಸ ಮಾಡ್ತಿದೆ. ಆ ಮಾತ್ರೆ ಕೊಟ್ಟಿದ್ದು ಶೀತಕ್ಕಲ್ಲ, ಇದಕ್ಕೇ" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಗೂಡಿನಿಂದ ಮಾತ್ರೆ ತಂದು ತೋರಿಸಿ, ಅಕ್ಕನೆದುರು ಅತ್ತುಬಿಟ್ಟೆ. ಅವಳು ಮಾತ್ರೆಯನ್ನು ನನ್ನ ಕಡೆಗೇ ಸರಿಸಿ, "ಮುಂದಿನ್ಸಲ ಮರೀದೆ ಕೊಡು, ಬರ್ತೀನಿ" ಅಂದಳು.

ಮುಂದಿನ ಸಲ ಪಂಚಾಂಗ ತೆರೆಯಲೇ ಇಲ್ಲ. ಹಿಂದಿನ ದಿನವೇ ಕೊಟ್ಟೆ. ಎರಡನೆಯ ಮಧ್ಯಾಹ್ನ ಅಕ್ಕ ನಿದ್ದೆ ಹೋದಳು. ಸೊಂಟದ ಮೇಲೆ ಕೈಯಿಟ್ಟೆ, ಏನೂ ಇಲ್ಲ. ಅಷ್ಟು ನಿಶ್ಶಬ್ದಕ್ಕೆ ಹೆದರಿ, ಉಸಿರಿದೆಯೇ ಎಂದು ಮೂಗಿನ ಬಳಿ ಬೆರಳು ಹಿಡಿದೆ.

ಮೊನ್ನೆಯೂ ಅಮಾವಾಸ್ಯೆಯೇ. ಅಂಗಡಿಯಲ್ಲೇ ನೀರು ಕೇಳಿ ಮಾತ್ರೆ ನುಂಗಿದೆ. ಹೊರಗೆ ಬಂದು ಅಕ್ಕನಿಗೆ ಫೋನು ಮಾಡಿ, ಸೊಂಟ ಹೇಗಿದೆ ಎಂದೆ.

"ಇದಾರೆ ಕಣೇ ಇನ್ನೂ" ಅಂದಳು ತಣ್ಣಗೆ. "ಸದ್ದು ಮಾಡ್ದೆ ಓಡಾಡ್ತಾರೆ. ಇರ್ಲಿ ಬಿಡು, ನನ್ನ ಉಳಿಸಿದೋರು ಅವ್ರೇ ಅಲ್ವಾ."

ಫೋನು ಹಿಡಿದ ಬೆರಳಲ್ಲಿ ಮತ್ತೆ ಅದೇ ಧಬ್, ಧಬ್. ಈ ಸಲ ನಾನು ಕೈ ಕೊಡವಲಿಲ್ಲ.