ಅಮ್ಮ ಹೇಳದ ಓಟಿಪಿ

‘ಮೀನ್ ಮಾರುವವ್ಳ ಮಗ್ಳಿಗೆ ಸರ್ಕಾರ ಸುಮ್ನೆ ದುಡ್ಡ್ ಕೊಡತ್ತಾ? ಆಪ್ದಲ್ಲ ಹೋಪ್ದಲ್ಲ’ ಎಂದವರು ನನ್ನ ಸೋದರಮಾವ, ನಾನು ವಿದ್ಯಾರ್ಥಿವೇತನದ ಅರ್ಜಿಗೆ ಹೊರಟಾಗ. ಮೊನ್ನೆ ಪದವಿ ಪ್ರಮಾಣಪತ್ರದ ಜೆರಾಕ್ಸ್ ಮಾಡಿಸಲು ಬ್ರಹ್ಮಾವರದ ಅಂಗಡಿಯೊಂದರಲ್ಲಿ ನಿಂತಿದ್ದೆ. ಯಂತ್ರದಿಂದ ಬಂದ ಬಿಸಿ ಕಾಗದದ ವಾಸನೆಗೆ ಮಾವನ ಆ ಮಾತು ನೆನಪಾಯಿತು. ಅದರ ಹಿಂದೆಯೇ ತೆಕ್ಕಟ್ಟೆಯ ಜೆರಾಕ್ಸ್ ಅಂಗಡಿಯವರೂ...

ನಮ್ಮ ಕಡೆಯ ಮಕ್ಕಳ ಅರ್ಜಿಗಳನ್ನೆಲ್ಲ ಕಂಪ್ಯೂಟರಿನಲ್ಲಿ ತುಂಬುತ್ತಿದ್ದವರು ಅವರು. ಐವತ್ತು ದಾಟಿದ್ದ, ಮಾತು ಕಡಿಮೆಯ ಮನುಷ್ಯ. ಮಾತು ಕಡಿಮೆ ಎಂಬುದರಿಂದಲೇ ನಮಗೆ ಅವರ ಮೇಲೆ ಸಂಶಯ. ಎಲ್ಲರ ಆಧಾರ್, ಪಾಸ್‌ಬುಕ್ ಅವರ ಕೈ ಹಾದು ಹೋಗುತ್ತಿದ್ದವು. ಒಂದೊಂದು ಪ್ರತಿ ಒಳಗಿಟ್ಟುಕೊಳ್ಳುತ್ತಾರೆ ಎಂದು ಜನ ಹೇಳುತ್ತಿದ್ದರು. ಕಂಡವರು ಯಾರೂ ಇರಲಿಲ್ಲ. ನಾನಂತೂ ನಂಬಿದ್ದೆ.

ಆಗ ನಾನು ಬಿ.ಎಸ್ಸಿ. ಮೊದಲ ವರ್ಷ. ವಿಜ್ಞಾನ ಓದುವವರಿಗೆ ಸರ್ಕಾರ ಕೊಡುವ ವಿದ್ಯಾರ್ಥಿವೇತನಕ್ಕೆ, ನಾನು ಅವರ ಅಂಗಡಿಗೆ ಹೋದ ದಿನವೇ ಕೊನೆಯ ದಿನ. ಅದು ಸಿಗದಿದ್ದರೆ ನಾನು ಕಾಲೇಜು ಬಿಟ್ಟು ಗೇರುಬೀಜದ ಕಾರ್ಖಾನೆಗೆ ಹೋಗುವುದೆಂದು ಮನೆಯಲ್ಲಿ ಮಾತಾಗಿತ್ತು. ಅರ್ಜಿ ಮುಗಿಯಬೇಕಾದರೆ ಅಮ್ಮನ ಫೋನಿಗೆ ಬರುವ ಓಟಿಪಿ ಬೇಕು. ಅಮ್ಮ ಮೀನಿನ ಬುಟ್ಟಿಯೊಂದಿಗೆ ಕೊಕ್ಕರ್ಣೆಯಲ್ಲಿದ್ದಳು. ಅಂಗಡಿಯವರು ಫೋನ್ ಮಾಡಿದರು.

‘ಅಕ್ಕ, ಈಗೊಂದ್ ನಂಬ್ರ ಬಂತಲ್ದಾ? ಹೇಳಿ.’

‘ಹೇಳೂಕಾಗ. ಯಾರಿಗೂ ಹೇಳೂಕಾಗ ಅಂಬ್ರ್ ಬ್ಯಾಂಕಿನವ್ರ್.’

ನಾನು ಫೋನ್ ಕಿತ್ತುಕೊಂಡೆ. ‘ಅಮ್ಮ, ನಾನೇ. ಹೇಳ್.’

‘ನನ್ ಮಗ್ಳ ಸ್ವರ ಮಾಡುಕೆ ಬತ್ತಾ ನಿಂಗೆ? ಫೋನ್ ಇಡ್, ಕಳ್ಳಿ!’

ಮತ್ತೆ ಮಾಡಿದರೆ ಸ್ವಿಚ್ ಆಫ್.

ಅಂಗಡಿಯವರು ಸಿಟ್ಟಾಗಲಿಲ್ಲ. ಸಾಲಿನಲ್ಲಿದ್ದವರಿಗೆ ‘ಈಗ ಬತ್ತೆ’ ಎಂದು ಶಟರ್ ಎಳೆದರು. ಲ್ಯಾಪ್‌ಟಾಪ್ ನನ್ನ ಕೈಗೆ ಕೊಟ್ಟು ಸ್ಕೂಟರ್ ಹತ್ತಿಸಿದರು. ಕೊನೆಯ ದಿನ ಅಷ್ಟು ಗಿರಾಕಿಗಳನ್ನು ಬಿಟ್ಟು ಬರುವವರಿಗೆ ಏನೋ ಲಾಭ ಇರಲೇಬೇಕು ಎಂದು ದಾರಿಯುದ್ದಕ್ಕೂ ಯೋಚಿಸಿದೆ...

ಕೊಕ್ಕರ್ಣೆಯಲ್ಲಿ ಅಮ್ಮ ಒಂದು ಮನೆಯ ಅಂಗಳದಲ್ಲಿ ಬುಟ್ಟಿ ಇಳಿಸಿದ್ದಳು. ನಮ್ಮನ್ನು ಕಂಡದ್ದೇ, ‘ಹ್ವಾಯ್, ನನ್ ಹೆಣ್ಣನ್ನ ಎಲ್ಲಿಗ್ ಕರ್ಕಂಡ್ ಹೊರ್ಟದ್ ನೀವ್?’ ಎಂದಳು. ನಾನು ವಿವರಿಸಿ ಫೋನ್ ಆನ್ ಮಾಡಿಸಿದೆ. ಹೊಸ ಓಟಿಪಿ ಬಂತು. ಆದರೂ ಅಮ್ಮ ಬಾಯಿ ಬಿಡಲಿಲ್ಲ.

‘ಹೇಳುದ್ ಬೇಡ ಅಕ್ಕ. ನೀವೇ ಒತ್ತಿ. ನಾನ್ ಕಾಣುದಿಲ್ಲೆ’ ಎಂದು ಅಂಗಡಿಯವರು ಲ್ಯಾಪ್‌ಟಾಪನ್ನು ಜಗಲಿಯ ಮೇಲಿಟ್ಟು ಬಾವಿಯ ಕಡೆ ತಿರುಗಿ ನಿಂತರು. ಅಮ್ಮ ಸೆರಗು ಅಡ್ಡ ಹಿಡಿದು, ಒದ್ದೆ ಬೆರಳಿನಿಂದ ಒಂದೊಂದೇ ಅಂಕಿ ಒತ್ತಿದಳು. ನನಗೂ ಕಾಣದ ಹಾಗೆ! ಅರ್ಜಿ ಸಲ್ಲಿಕೆಯಾಯಿತು.

ಹೊರಡುವಾಗ ಅಮ್ಮ ನಾಲ್ಕು ಬಂಗುಡೆ ಕೊಡಲು ಹೋದಳು. ‘ನಾನ್ ಮೀನ್ ತಿಂಬುದಿಲ್ಲೆ ಅಕ್ಕ’ ಎಂದು ಅವರು ಸ್ಕೂಟರ್ ಕಡೆ ನಡೆದರು. ಅಮ್ಮ ನನ್ನ ಕಿವಿಯಲ್ಲಿ, ‘ಮೀನ್ ಬೇಡ ಅಂಬವ್ರನ್ನ ಹ್ಯಾಂಗೆ ನಂಬುದ್? ನೀ ಬಸ್ಸಿಗ್ ಬಾ’ ಎಂದಳು. ನಾನು ಬಸ್ಸಿಗೇ ಬಂದೆ.

ಹಣ ಬಂತು, ಮೂರು ವರ್ಷವೂ. ನವೀಕರಣಕ್ಕೆ ಅವರಲ್ಲಿಗೇ ಹೋಗುತ್ತಿದ್ದೆ. ಹೊರಗೆ ಬಂದ ಕೂಡಲೇ ಅರ್ಜಿಯ ಖಾತೆಯ ಪಾಸ್‌ವರ್ಡ್ ಬದಲಾಯಿಸುತ್ತಿದ್ದೆ. ‘ಬದ್ಲಾಯ್ಸಿದ್ಯಾ?’ ಎಂದು ಒಮ್ಮೆ ಅವರೇ ಕೇಳಿದರು. ಇಲ್ಲ ಎಂದು ಸುಳ್ಳು ಹೇಳಿದೆ. ‘ಬದ್ಲಾಯ್ಸುಕೇ ಬೇಕ್ ಹೆಣ್ಣೆ’ ಎಂದರು. ಅದಕ್ಕೂ ಸಂಶಯಪಟ್ಟೆ...

ನನ್ನ ಕೊನೆಯ ಫಲಿತಾಂಶ ಬರುವ ಮೊದಲೇ ಅವರು ಎದೆನೋವಿನಿಂದ ತೀರಿಹೋದರು. ಅವರಿಗೆ ಒಂದು ಒಳ್ಳೆಯ ಮಾತು ಹೇಳಿದ ನೆನಪು ನನಗಿಲ್ಲ.

ಮೊನ್ನೆ ಬ್ರಹ್ಮಾವರದಿಂದ ಬಂದವಳೇ ಪ್ರಮಾಣಪತ್ರವನ್ನು ಅಮ್ಮನ ಕೈಗೆ ಕೊಟ್ಟೆ. ನಮ್ಮ ಕುಟುಂಬಕ್ಕೆ ಬಂದ ಮೊದಲನೆಯದು ಅದು. ಅಮ್ಮ ಕೈಯನ್ನು ಎರಡು ಸಲ ಒರೆಸಿಕೊಂಡು ಹಿಡಿದಳು. ನನ್ನ ಹೆಸರಿನ ಮೇಲೆ ಬೆರಳಾಡಿಸಿದಳು.

‘ಆ ಅಂಗ್ಡಿಯವ್ರ ಮನೆಗೆ ಇದನ್ನ್ ತಕಂಡ್ ಹೋಪ’ ಎಂದಳು. ‘ಇವ್ರ್ ಎಂತಕ್ಕ್ ಬಂದ್ರಪ್ಪ ಅಂದ್ ಅವ್ರ ಹೆಂಡ್ತಿಗೆ ಸಂಶಯ ಬತ್ತ್. ಬರ್ಲಿ.’