ವಾಚು ಕಟ್ಟಿದವನ ಸಾಕ್ಷಿ

ಕೈಯಲ್ಲಿ ವಾಚು ಕಟ್ಟಿಕೊಂಡೇ ಕಂಡಕಂಡವರಿಗೆಲ್ಲ ಟೈಮ್ ಕೇಳುವ ಮನುಷ್ಯ ಇಂಡಿ ಸೀಮೆಯಲ್ಲಿ ಒಬ್ಬನೇ ಇದ್ದ, ನಮ್ಮ ಪಕ್ಕದ ಮನೆಯ ಧರ್ಮರಾಜ. ಪಂಪ್‌ಸೆಟ್ ಮೋಟಾರು ರಿಪೇರಿ ಅವನ ಕೆಲಸ. ಚಹಾದಂಗಡಿಯಲ್ಲಿ ಕೇಳುತ್ತಿದ್ದ, ಸಿಂದಗಿ ಬಸ್ಸಿನ ಕಂಡಕ್ಟರನನ್ನೂ ಬಿಡುತ್ತಿರಲಿಲ್ಲ. ನಾವು ನಗುತ್ತಿದ್ದೆವು. ಪಾಪ, ಅವನಿಗೆ ಬೇಕಾಗಿದ್ದುದು ಸಾಕ್ಷಿ. ಇಂಥ ಹೊತ್ತಿಗೆ ಧರ್ಮರಾಜ ಇಲ್ಲಿದ್ದ ಎಂದು ನೆನಪಿಟ್ಟುಕೊಳ್ಳುವ ಒಬ್ಬ ಮನುಷ್ಯ.

ತೊಂಬತ್ತರಲ್ಲಿ ಯಾರದೋ ಲಿಂಬಿ ತೋಟದ ಮೋಟಾರು ರಾತ್ರಿ ಕಳುವಾಯಿತು. ಪೊಲೀಸರು ಇವನನ್ನು ಹಿಡಿದರು. ಕೋರ್ಟು ಬಿಟ್ಟಿತು, ಠಾಣೆ ಬಿಡಲಿಲ್ಲ. ಅಲ್ಲಿಯ ಕಡತದಲ್ಲಿ ಹೆಸರು ಹಾಗೇ ಉಳಿಯಿತು. ಆಮೇಲೆ ಎಲ್ಲಿ ಮೋಟಾರು ಹೋದರೂ ಪೊಲೀಸರು ಮೊದಲು ಬರುವುದು ಇವನ ಅಂಗಡಿಗೇ. "ನಿನ್ನೆ ರಾತ್ರಿ ಎಲ್ಲಿದ್ದಿ?" ಹೊಸ ಫೌಜದಾರ ಬಂದರೆ ಮತ್ತೆ ಮೊದಲಿನಿಂದ. ಕೋರ್ಟು ಬಿಟ್ಟದ್ದನ್ನು ಬರೆಯಲು ಆ ಠಾಣೆಯಲ್ಲಿ ಮಸಿ ಇರಲಿಲ್ಲವೇನೋ!

ಎರಡು ಸಾವಿರದ ಐದರಲ್ಲಿ ಅವನ ಮಗಳು ಪ್ರಜ್ಞಾಳನ್ನು ನೋಡಲು ಬಾಗೇವಾಡಿಯಿಂದ ಗಂಡಿನವರು ಬಂದರು. ಹುಡುಗ ಸಾಲಿ ಮಾಸ್ತರ, ಪ್ರಜ್ಞಾಳ ಮನಸ್ಸಿಗೆ ಬಂದಿದ್ದ. ಜೊತೆಗೆ ಬಂದ ಅವನ ಸೋದರಮಾವ ಬಸಂತರಾಯ ಪೊಲೀಸ್ ಹವಾಲ್ದಾರ. ಸುಸಲಾ ತಿಂದು ಚಹಾ ಕುಡಿಯುವಷ್ಟರಲ್ಲಿ ಎಲ್ಲರೂ ಒಪ್ಪಿದಂತೆಯೇ ಇತ್ತು. ಬೀಗರನ್ನು ಬಸ್ಸು ಹತ್ತಿಸಲು ಹೋದ ಧರ್ಮರಾಜ ಚಟ ತಡೆಯಲಾರದೆ ಹವಾಲ್ದಾರನನ್ನೇ ಕೇಳಿಬಿಟ್ಟ.

"ಟೈಮ್ ಎಷ್ಟಾತ್ರೀ ಸಾಹೇಬ್ರ?"

ಬಸಂತರಾಯ ಅವನ ವಾಚು ನೋಡಿದ, ಮುಖ ನೋಡಿದ. ಬಸ್ಸು ಹತ್ತಿ ಹೋದ. ವಾರದೊಳಗೆ ಫೋನು ಮಾಡಿದ.

"ಕೈಯಾಗ ವಾಚ್ ಇದ್ದಾಂವ ಟೈಮ್ ಯಾಕ ಕೇಳ್ತಾನ ಅಂತ ಸಂಶೆ ಬಂತ್ರಿ. ಠಾಣೇದಾಗ ವಿಚಾರಿಸಿದ್ನಿ. ನಿಮ್ಮ ಹೆಸರು ಐತಿ. ಈ ಸಂಬಂಧ ಬ್ಯಾಡ್ರಿ."

"ಕೋರ್ಟಿನ್ಯಾಗ ಬಿಟ್ಟಾರ್ರೀ."

"ಬಿಟ್ಟಿರಬೇಕು. ಆದ್ರ ಹೆಸರು ಸುಮ್ಮನ ಬಂದಿರತೈತೇನು?"

ಪ್ರಜ್ಞಾ ಅಳಲಿಲ್ಲ, ಅಪ್ಪನ ಜೊತೆ ಮಾತನ್ನೂ ಆಡಲಿಲ್ಲ. ಒಂದು ಮಧ್ಯಾಹ್ನ ನಾನೂ ಅಲ್ಲೇ ಊಟಕ್ಕೆ ಕೂತಿದ್ದೆ. ರೊಟ್ಟಿ ನೀಡುತ್ತ ಕೇಳಿಯೇಬಿಟ್ಟಳು.

"ಅಪ್ಪಾ, ಖರೇ ಹೇಳು. ಆ ಮೋಟಾರ ನೀ ಒಯ್ದಿದ್ದಿಲ್ಲಲ್ಲ?"

ಆ ಠಾಣೆಯ ಮೇಲೆ ನನಗೆ ಇವತ್ತಿಗೂ ಸಿಟ್ಟು ಬರುವುದು ಈ ಮಾತಿಗೆ. ಮನೆಯ ಮಗಳ ಬಾಯಿಗೂ ಅದೇ ಪ್ರಶ್ನೆ ಬಂತಲ್ಲ!

ಧರ್ಮರಾಜ ಮುರಿದ ರೊಟ್ಟಿಯನ್ನು ತಾಟಿನಲ್ಲಿ ಇಟ್ಟ.

"ಅವತ್ತ ನಿಮ್ಮವ್ವ ತವರಮನ್ಯಾಗ ಇದ್ಲು. ನಿನಗ ಮೈ ಸುಡುವಂಥಾ ಜ್ವರ. ಬೆಳತನಕ ಹೆಗಲಮ್ಯಾಲ ಹಾಕ್ಕೊಂಡು ಅಡ್ಡಾಡೇನಿ. ನನಗಿದ್ದ ಸಾಕ್ಷಿ ನೀ ಒಬ್ಬಾಕಿನ ಯವ್ವಾ. ನಾಕು ವರ್ಷದ ಕೂಸಿನ್ನ ಕೋರ್ಟಿಗೆ ಹೆಂಗ ಕರಕೊಂಡು ಹೋಗ್ಲಿ?"